ಕಬ್ಬಿಣದ ಶಾಸನ: ಹಳೆಯ ಟ್ರಾಕ್ಟರುಗಳ ಗುರುತು ಮತ್ತು ಬೆಲೆ

ನವೆಂಬರು ಒಂದನೆಯ ತಾರೀಖು ಕೊಚ್ಚಿ ತಿರುವನಂತಪುರಗಳಲ್ಲಿ ನೆಲಸಿರುವ ಕನ್ನಡಿಗರಾದ ನಮಗೆ ಎರಡು ಹಬ್ಬಗಳ ದಿನ. 1956ರ ಆ ದಿನವೇ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದು ರಾಜ್ಯವಾದವು. ಆ ದಿನವೇ ನಮಗೆ ಅನ್ನ ನೀಡುತ್ತಿರುವ ಈ ಕೇರಳವೂ ಹುಟ್ಟಿತು. ಇಂಥ ದಿನದ ಸಂಚಿಕೆಗೆ ಇತಿಹಾಸದ ಲೇಖನವೆಂದರೆ ಹಲ್ಮಿಡಿಯ ಶಾಸನವನ್ನೋ ಹೊಯ್ಸಳರ ದೇಗುಲವನ್ನೋ ಕುರಿತು ಬರೆಯುವುದು ವಾಡಿಕೆ. ನಾವು ಈ ಸಲ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ನಮ್ಮಲ್ಲಿ ಅನೇಕರ ಊರಮನೆಯ ಕೊಟ್ಟಿಗೆಯಲ್ಲಿ, ಹುಲ್ಲಿನ ಮೆದೆಯ ಮಗ್ಗುಲಲ್ಲಿ, ಕೋಳಿಗಳಿಗೆ ಗೂಡಾಗಿ ನಿಂತಿರುವ ಹಳೆಯ ಟ್ರಾಕ್ಟರು ಇದೆಯಲ್ಲ, ಅದೂ ಒಂದು ಶಾಸನವೇ. ಅದನ್ನು ಓದುವುದು ಹೇಗೆ, ಅದಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡುಬಿಡುವುದು ಮೇಲು. ನಮ್ಮ ತಂದೆಯವರು ತೀರಿಕೊಂಡ ಮೇಲೆ ಊರಿನಲ್ಲಿ ಪಾಲುಪಾರೀಕತ್ತು ಆಯಿತು. ಗದ್ದೆ, ತೋಟ, ಹಿತ್ತಾಳೆಯ ಹಂಡೆ, ತಾಮ್ರದ ಕೊಪ್ಪರಿಗೆ ಎಲ್ಲವನ್ನೂ ಪಟ್ಟಿಗೆ ಬರೆದೆವು. ಕೊಟ್ಟಿಗೆಯ ಎಚ್.ಎಂ.ಟಿ. ಟ್ರಾಕ್ಟರನ್ನು ಮಾತ್ರ ಅಣ್ಣತಮ್ಮಂದಿರಲ್ಲಿ ಯಾರೂ ಕೇಳಲಿಲ್ಲ. ಕೊಚ್ಚಿಗೆ ಹಿಂದಿರುಗುವ ರೈಲಿಗೆ ಹೊತ್ತಾಗುತ್ತಿತ್ತು. ಗುಜರಿಯವನನ್ನು ಕರೆಸಿ ತೂಕದ ಲೆಕ್ಕದಲ್ಲಿ ಕೊಟ್ಟು ಬಂದೆವು. ಆತನು ಅದರ ಡೀಸೆಲು ಪಂಪು, ರೇಡಿಯೇಟರು, ಡೈನಮೋಗಳನ್ನು ಮೊದಲು ಬಿಚ್ಚಿ ಬೇರೆಬೇರೆಯಾಗಿ ಮಾರಿ, ನಮಗೆ ಕೊಟ್ಟ ಹಣವನ್ನೆಲ್ಲ ಅವುಗಳಿಂದಲೇ ಎತ್ತಿಕೊಂಡನೆಂಬ ಸುದ್ದಿ ಆಮೇಲೆ ತಿಳಿಯಿತು. ಹಣ ಹೋದುದು ಹೋಯಿತು. ತಂದೆಯವರು ಸಾಲ ಮಾಡಿ ತಂದ ಆ ಯಂತ್ರ ಯಾವ ವರ್ಷದ್ದು, ಯಾವ ಮಾದರಿಯದು ಎಂದು ನಮ್ಮ ಮಗಳು ಕೇಳಿದಾಗ ತೋರಿಸಲು ಒಂದು ತಗಡಿನ ಚೂರೂ ನಮ್ಮಲ್ಲಿ ಉಳಿದಿರಲಿಲ್ಲ. ನಾವು ದಿನವೂ ಕಳಮಶ್ಶೇರಿಯ ಎಚ್.ಎಂ.ಟಿ. ಜಂಕ್ಷನ್ನನ್ನು ದಾಟಿಯೇ ಕೆಲಸಕ್ಕೆ ಹೋಗುವವರು. ಆ ಮೂರಕ್ಷರಗಳನ್ನು ಕಂಡಾಗಲೆಲ್ಲ ಮನಸ್ಸಿಗೆ ಚುರುಕ್ಕೆನ್ನುತ್ತದೆ.

ಆ ಮೂರಕ್ಷರಗಳಿಂದಲೇ ಕಥೆಯನ್ನು ತೊಡಗಬಹುದು. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಕಾರದಿಂದ ಆರಂಭವಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳನ್ನು, ಅಂದರೆ ಲೇತು ಮೊದಲಾದವುಗಳನ್ನು ನಮ್ಮ ದೇಶದಲ್ಲಿಯೇ ಮಾಡಬೇಕೆಂಬುದು ಅದರ ಉದ್ದೇಶ. 1960ರ ದಶಕದಲ್ಲಿ ಅದರ ಕೊಂಬೆಗಳು ಪಂಜಾಬು ಸೀಮೆಯ ಪಿಂಜೋರಿಗೂ ಕೇರಳದ ಕಳಮಶ್ಶೇರಿಗೂ ಚಾಚಿದವು. ಕಳಮಶ್ಶೇರಿಯಲ್ಲಿ ಲೇತುಗಳು ಆದುವು. ಪಿಂಜೋರಿನಲ್ಲಿ 1971ರಿಂದ ಟ್ರಾಕ್ಟರುಗಳೂ ಆದುವು. ಅದು ಜೆಕೊಸ್ಲೊವಾಕಿಯದ ಜೀಟರ್ 2511 ಎಂಬ 25 ಅಶ್ವಶಕ್ತಿಯ ಮಾದರಿ. ಬೆಂಗಳೂರಿನಲ್ಲಿ ಹುಟ್ಟಿ ದೇಶದ ಎರಡು ತುದಿಗಳಲ್ಲಿ ಬೆಳೆದ ಸಂಸ್ಥೆಯ ಹೆಸರು ಹೀಗೆ ನಮ್ಮ ತಂದೆಯವರ ಉಳುಮೆಯ ಯಂತ್ರದ ಮೇಲೆ ಕುಳಿತಿತ್ತು. ಪಿಂಜೋರಿನ ಟ್ರಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು 2016ರಲ್ಲಿ ಒಪ್ಪಿಗೆ ಕೊಟ್ಟಿತು. ತಯಾರಿಕೆ ನಿಂತುಹೋದ ಯಂತ್ರದ ಒಂದೊಂದು ಅಸಲು ಭಾಗಕ್ಕೂ ಅಲ್ಲಿಂದ ಮುಂದೆ ಬೇರೆಯೇ ಲೆಕ್ಕ ಎಂಬುದನ್ನು ವಾಚಕರು ಊಹಿಸಬಲ್ಲರು.

ಟ್ರಾಕ್ಟರು ನಮ್ಮ ನಾಡಿಗೆ ಬಂದ ಬಗೆಯನ್ನು ಸ್ಥೂಲವಾಗಿ ತಿಳಿದಿದ್ದರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎಲ್ಲವೂ ಹೊರದೇಶದ್ದೇ. ಕಾನ್ಸ್ ಎಂಬ ಆಳಬೇರಿನ ಹುಲ್ಲು ಹಬ್ಬಿ ಪಾಳುಬಿದ್ದಿದ್ದ ಮಧ್ಯಭಾರತದ ಭೂಮಿಯನ್ನು ಹಸನು ಮಾಡಲು ಭಾರತ ಸರ್ಕಾರವು ವಿಶ್ವಬ್ಯಾಂಕಿನಿಂದ 1949ರಲ್ಲಿ ಒಂದು ಕೋಟಿ ಡಾಲರುಗಳ ಸಾಲ ಪಡೆದು ಯಂತ್ರಗಳನ್ನು ತರಿಸಿತು. ರಾಜಸ್ಥಾನದ ಸೂರತ್‌ಗಢದ ಸರ್ಕಾರಿ ಜಮೀನಿಗೆ 1956ರಲ್ಲಿ ಸೋವಿಯತ್ ಯಂತ್ರಗಳು ಬಂದವು. ದೇಶದಲ್ಲಿಯೇ ಮಾಡಿದ ಮೊದಲ ಟ್ರಾಕ್ಟರು ಫರೀದಾಬಾದಿನ ಐಷರ್ ಕಾರ್ಖಾನೆಯಿಂದ 1959ರ ಏಪ್ರಿಲಿನಲ್ಲಿ ಹೊರಬಂತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಸ್ಥಾಪನೆಯಾಗಿ ಮ್ಯಾಸ್ಸಿ ಫರ್ಗುಸನ್ ಮಾದರಿಗಳು ದಕ್ಷಿಣದ ಹೊಲಗಳಿಗೆ ಇಳಿದವು. ಮಹೀಂದ್ರದವರು ಅಮೆರಿಕದ ಕಂಪೆನಿಯೊಂದಿಗೆ ಕೂಡಿ 1963ರಲ್ಲಿ ಇಂಟರ್‌ನ್ಯಾಷನಲ್ ಟ್ರಾಕ್ಟರ್ ಕಂಪೆನಿಯನ್ನು ಕಟ್ಟಿದರು. ಬಿ-275 ಅವರ ಹೆಸರುವಾಸಿಯಾದ ಮಾದರಿ. 1971ರಲ್ಲಿ ಎಸ್ಕಾರ್ಟ್ಸ್‌ನಿಂದ ಫೋರ್ಡ್, ಅದೇ ವರ್ಷ ಎಚ್.ಎಂ.ಟಿ., 1974ರಲ್ಲಿ ಪೂರ್ತಿಯಾಗಿ ಭಾರತೀಯ ರಚನೆಯಾದ ಸ್ವರಾಜ್. ನಿಮ್ಮ ಕೊಟ್ಟಿಗೆಯ ಯಂತ್ರ 1959ಕ್ಕಿಂತ ಹಿಂದಿನದೆಂದು ಮನೆಯ ಹಿರಿಯರು ಹೇಳಿದರೆ ಅದು ಹಡಗಿನಲ್ಲಿ ಬಂದದ್ದೇ ಸರಿ.

ಈಗ ಗುರುತಿಸುವ ಬಗೆ. ಮೊದಲನೆಯ ಮಾತು, ಬಣ್ಣವನ್ನು ನಂಬಬಾರದು. ಕೆಂಪು ಬಣ್ಣ ಕಂಡೊಡನೆ ಮ್ಯಾಸ್ಸಿ ಎನ್ನುವವರುಂಟು. ಇಂಟರ್‌ನ್ಯಾಷನಲ್ಲೂ ಕೆಂಪೇ. ಮೇಲಾಗಿ, ಐವತ್ತು ವರ್ಷಗಳಲ್ಲಿ ಎಷ್ಟು ಆಯುಧಪೂಜೆಗಳಿಗೆ ಎಷ್ಟು ಸಲ ಬಣ್ಣ ಬಳಿದಿದ್ದಾರೋ ಬಲ್ಲವರಾರು? ಬಾನೆಟ್ಟಿನ ಮೇಲಿನ ಹೆಸರನ್ನೂ ಪೂರ್ತಿ ನಂಬಬಾರದು. ಬಾನೆಟ್ಟು ಬೋಲ್ಟಿನಿಂದ ಬಿಗಿದ ತಗಡು, ಬೇರೆ ಯಂತ್ರದ್ದನ್ನು ತಂದು ಕೂರಿಸಿರಬಹುದು. ನಂಬಬೇಕಾದುದು ಎರಕ ಹೊಯ್ದ ಕಬ್ಬಿಣವನ್ನು.

ಆ ಕಬ್ಬಿಣದ ಮೇಲೆ ಎರಡು ಬಗೆಯ ಅಕ್ಷರಗಳಿರುತ್ತವೆ. ಒಂದು ಬಗೆ ಉಬ್ಬಿದ ಅಕ್ಷರ. ಅದು ಎರಕದ ಅಚ್ಚಿನಲ್ಲಿಯೇ ಮೂಡಿದ್ದು. ಅಂಥ ಭಾಗ ಸಾವಿರಾರು ಆಗಿದ್ದರೆ ಸಾವಿರಾರರ ಮೇಲೂ ಅದೇ ಅಂಕಿ ಇರುತ್ತದೆ. ಇನ್ನೊಂದು ಕುಳಿಬಿದ್ದ ಅಕ್ಷರ. ಅದು ಯಂತ್ರ ಸಿದ್ಧವಾದ ಮೇಲೆ ಉಳಿಯಿಂದ ಕುಟ್ಟಿದ್ದು; ಆ ಅಂಕಿ ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ್ದು. ಎಂಜಿನು ಸಂಖ್ಯೆ, ಚಾಸಿ ಸಂಖ್ಯೆ ಎಂದರೆ ಈ ಕುಟ್ಟಿದ ಸಂಖ್ಯೆಗಳು. ಉಬ್ಬಿದ ಅಂಕಿಯನ್ನು ಬರೆದುಕೊಂಡು ಬಂದು ಅದೇ ಚಾಸಿ ಸಂಖ್ಯೆಯೆಂದು ತಿಳಿದು ತಬ್ಬಿಬ್ಬಾಗುವವರು ಬಹಳ. ಆದರೆ ಉಬ್ಬಿದ ಅಂಕಿಯೂ ವ್ಯರ್ಥವಲ್ಲ. ಕೆಲವು ಕಂಪೆನಿಗಳು ಎರಕ ಹೊಯ್ದ ದಿನವನ್ನೇ ಅದರಲ್ಲಿ ಗುಟ್ಟಾಗಿ ಬರೆಯುತ್ತಿದ್ದವು. ಫೋರ್ಡಿನ ಎರಕಗಳಲ್ಲಿ ವರ್ಷದ ಕೊನೆಯ ಅಂಕಿ, ತಿಂಗಳಿಗೊಂದು ಇಂಗ್ಲಿಷ್ ಅಕ್ಷರ, ಆಮೇಲೆ ತಾರೀಖು, ಹೀಗೆ ಸಾಲಾಗಿ ಬರುವುದನ್ನು ನೋಡಬಹುದು. ಎಂಜಿನಿನ ದಿಮ್ಮಿ, ಗೇರುಪೆಟ್ಟಿಗೆ, ಹಿಂದಿನ ಆಕ್ಸಲು ಮೂರರ ಎರಕದ ದಿನಗಳೂ ಹತ್ತಿರಹತ್ತಿರ ಇದ್ದರೆ ಯಂತ್ರವು ಹುಟ್ಟಿದಂತೆಯೇ ಉಳಿದಿದೆ ಎಂದು ಧೈರ್ಯವಾಗಿ ಹೇಳಬಹುದು.

ಸಂಖ್ಯೆಗಳನ್ನು ಓದಲು ಗ್ರೀಸು, ಮಣ್ಣು, ಬಣ್ಣ ಎಲ್ಲ ಅಡ್ಡಿ. ಅದಕ್ಕೆಂದು ಉಜ್ಜುವ ಮೆಷಿನು ಹಿಡಿಯಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ತಿಕ್ಕಿದರೆ, ಶಾಸನದ ಪಡಿಯಚ್ಚು ತೆಗೆಯುವಂತೆ, ಅಕ್ಷರಗಳು ಮೂಡಿಬರುತ್ತವೆ. ಸಂಖ್ಯೆಯಿರುವ ಜಾಗ ಸುತ್ತಲಿನ ಒರಟು ಕಬ್ಬಿಣಕ್ಕಿಂತ ಹೊಸದಾಗಿ ಅರೆದು ನುಣ್ಣಗಾಗಿದ್ದರೆ, ಅಂಕಿಗಳು ಸಾಲುತಪ್ಪಿದ್ದರೆ, ಅಲ್ಲಿ ಯಾರೋ ಕೈಯಾಡಿಸಿದ್ದಾರೆಂದು ತಿಳಿಯಬೇಕು.

ಅಕ್ಷರ ಅಳಿಸಿಹೋಗಿದ್ದರೆ ಮೈಕಟ್ಟನ್ನು ನೋಡಿ ಹೇಳಬೇಕು. ಡೀಸೆಲು ಪಂಪಿನಿಂದ ಎಂಜಿನಿನ ತಲೆಗೆ ಹೋಗುವ ಸಣ್ಣ ಉಕ್ಕಿನ ನಳಿಗೆಗಳು ಎಷ್ಟೋ ಅಷ್ಟೇ ಸಿಲಿಂಡರು. ಜೀಟರ್ 2511ಕ್ಕೆ ಎರಡು, ಮ್ಯಾಸ್ಸಿ 1035ಕ್ಕೂ ಫೋರ್ಡ್ 3000ಕ್ಕೂ ಮೂರು, ಬಿ-275ಕ್ಕೆ ನಾಲ್ಕು. ಮುಂದೆ ರೇಡಿಯೇಟರೇ ಇಲ್ಲದೆ ಸಿಲಿಂಡರಿನ ಸುತ್ತ ತೆಳುವಾದ ರೆಕ್ಕೆಗಳಿದ್ದರೆ ಅದು ಗಾಳಿಯಿಂದ ತಣಿಯುವ ಎಂಜಿನು. ಹಳೆಯ ಐಷರಿನ ಗುರುತು ಇದೇ. ಪೆಟ್ರೋಲಿಗೆ ಒಂದು ಪುಟ್ಟ ಅರೆ, ಸೀಮೆಎಣ್ಣೆಗೆ ದೊಡ್ಡ ಅರೆ ಎಂದು ಟ್ಯಾಂಕು ಎರಡಾಗಿದ್ದರೆ ಅದು ಪೆಟ್ರೋಲಿನಲ್ಲಿ ಹೊರಟು ಎಣ್ಣೆಯಲ್ಲಿ ಓಡುತ್ತಿದ್ದ ಹಳೆಯ ಕಾಲದ ಯಂತ್ರ. ಒಂದೇ ದೊಡ್ಡ ಸಿಲಿಂಡರಿದ್ದು, ಅದರ ತಲೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸಿ ಹೊರಡಿಸುತ್ತಿದ್ದರೆಂದು ಅಜ್ಜಂದಿರು ಹೇಳಿದರೆ ಜರ್ಮನಿಯ ಲಾಂಜ್ ಬುಲ್‌ಡಾಗ್ ಜಾತಿಯದಿರಬೇಕು. ಬೂದುಬಣ್ಣದ ಪುಟ್ಟ ಫರ್ಗುಸನ್ ಟಿ.ಇ. 20 ಇಂಗ್ಲೆಂಡಿನಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಮೇಲ್ಪಟ್ಟು ತಯಾರಾಯಿತು. ಹಿಂದುಗಡೆ ಕೆಳಗೆರಡು ತೋಳು, ಮೇಲೊಂದು ತೋಳು ಸೇರಿ ನೇಗಿಲನ್ನು ಎತ್ತಿ ಇಳಿಸುವ ಏರ್ಪಾಡನ್ನು ಹ್ಯಾರಿ ಫರ್ಗುಸನ್ ಅದರಿಂದಲೇ ಲೋಕಕ್ಕೆಲ್ಲ ಹಬ್ಬಿಸಿದನು. ಇಂದಿನ ಟ್ರಾಕ್ಟರಿನ ಹಿಂಬದಿಯಲ್ಲಿರುವುದೂ ಅದೇ.

ಬಿಡಿಭಾಗಗಳ ಮಾತಿಗೆ ಬಂದರೆ ಕನ್ನಡಿಗರಿಗೆ ಒಂದು ಸಂತೋಷದ ಸಂಗತಿಯಿದೆ. ಟ್ರಾಕ್ಟರು ಪಿಂಜೋರಿನದಿರಲಿ, ಫರೀದಾಬಾದಿನದಿರಲಿ, ಅದರ ಡೀಸೆಲು ಪಂಪಿನ ಮೇಲಿನ ತಗಡನ್ನು ಒರಸಿ ನೋಡಿ. ಹಲವು ಸಲ ‘ಮೈಕೋ’ ಎಂಬ ಹೆಸರು ಕಾಣುತ್ತದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಅದು. ಬೆಂಗಳೂರಿನ ಆಡುಗೋಡಿಯಲ್ಲಿ ಆದ ಪಂಪು ಅದು. ಟ್ರಾಕ್ಟರಿನ ಹೃದಯ ನಮ್ಮ ಊರಿನದು ಎಂದರೆ ಅತಿಶಯೋಕ್ತಿಯಲ್ಲ. 2008ರಲ್ಲಿ ಆ ಕಂಪೆನಿ ಬಾಷ್ ಎಂದು ಹೆಸರು ಬದಲಿಸಿಕೊಂಡುದರಿಂದ, ಮೈಕೋ ಎಂಬ ಹೆಸರೇ ಈಗ ಭಾಗದ ವಯಸ್ಸನ್ನು ಹೇಳುವ ಒಂದು ಗುರುತು. ಹಾಗೆಯೇ ಮ್ಯಾಸ್ಸಿಯ ಎಂಜಿನಿನ ಮೇಲೆ ಮದರಾಸಿನ ಸಿಂಪ್ಸನ್ ಹೆಸರಿದ್ದರೆ ಬೆದರಬೇಕಾದುದಿಲ್ಲ. ಟಾಫೆಗೆ ಎಂಜಿನು ಒದಗಿಸುತ್ತಿದ್ದವರು ಅವರೇ. ಒಂದು ಟ್ರಾಕ್ಟರಿನಲ್ಲಿ ನಾಲ್ಕು ಹೆಸರುಗಳಿರುವುದು ಕಲಬೆರಕೆಯಲ್ಲ, ಯಂತ್ರ ಕಟ್ಟುವ ರೀತಿಯೇ ಹಾಗೆ.

ಯಾವ ಭಾಗಕ್ಕೆ ಬೆಲೆ ಹೆಚ್ಚು? ಭಾರವಾದುದಕ್ಕೆ ಎಂದು ಗುಜರಿಯ ಲೆಕ್ಕ. ತಿಳಿದವರ ಲೆಕ್ಕ ಇದಕ್ಕೆ ತೀರ ಬೇರೆ. ಪಿಸ್ಟನ್ನು, ಫಿಲ್ಟರು, ಬೇರಿಂಗುಗಳು ಸವೆಯುವ ಭಾಗಗಳು. ಓಡುತ್ತಿರುವ ಮಾದರಿಗಳಿಗೆ ಅವು ಇಂದಿಗೂ ಹೊಸದಾಗಿ ದೊರೆಯುತ್ತವೆ. ಬೇರಿಂಗಿನ ಮೇಲೆ 6206 ಎಂದಿದ್ದರೆ ಕೊನೆಯ ಎರಡು ಅಂಕಿಗಳ ಐದರಷ್ಟು, ಅಂದರೆ 30 ಮಿಲಿಮೀಟರು, ಅದರ ಒಳವ್ಯಾಸ. ಯಾವ ಟ್ರಾಕ್ಟರಿನದೆಂದು ಹೇಳದೆಯೂ ಎರ್ನಾಕುಳದ ಬೇರಿಂಗು ಅಂಗಡಿಯಲ್ಲಿ ಅದನ್ನು ಕೊಳ್ಳಬಹುದು. ದುರ್ಲಭವಾದುವು ನಾವು ಕಡೆಗಣಿಸುವ ಹಗುರವಾದ ವಸ್ತುಗಳು: ಕಂಪೆನಿಯ ಲಾಂಛನ, ಹೆಸರಿನ ತಗಡು, ಮೂಲದ ಮೀಟರು, ಸ್ಟಿಯರಿಂಗು ಚಕ್ರ, ದೀಪ, ಮಡ್ಗಾರ್ಡು, ಸಾಮಾನಿನ ಪೆಟ್ಟಿಗೆ, ಮೇಲಿನ ತೋಳಿನ ಪಿನ್ನು. ತಗಡು ತುಕ್ಕು ಹಿಡಿದು ಮೊದಲು ಹೋಗುತ್ತದೆ. ಎರಕದ ಕಬ್ಬಿಣ ಉಳಿಯುತ್ತದೆ. ಆದುದರಿಂದ ಇಂಥ ಯಂತ್ರವನ್ನು ಮತ್ತೆ ನಿಲ್ಲಿಸುವವರು ಹುಡುಕಿ ಅಲೆಯುವುದು ತಗಡಿಗಾಗಿ.

ಕೇರಳದಲ್ಲಿ ಈ ಪಾಠಕ್ಕೆ ಇನ್ನೊಂದು ಪುಟವಿದೆ. ಇಲ್ಲಿನ ಕೆಸರುಗದ್ದೆಯಲ್ಲಿ ಭಾರವಾದ ಟ್ರಾಕ್ಟರು ಹೂತುಕೊಳ್ಳುತ್ತದೆ. 1970ರ ಭೂಸುಧಾರಣೆಯ ತರುವಾಯ ಹಿಡುವಳಿಗಳೂ ಚಿಕ್ಕವಾದುವು. ಕೃಷಿಕರಿಗೆ ಯಂತ್ರ ಒದಗಿಸಲೆಂದು ತಿರುವನಂತಪುರವನ್ನು ಕೇಂದ್ರವಾಗಿಟ್ಟುಕೊಂಡು ಕೇರಳ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ 1968ರಲ್ಲಿ ಏರ್ಪಟ್ಟಿತು. ಅನಂತರ 1973ರಲ್ಲಿ ಕೊಚ್ಚಿಯ ಹತ್ತಿರದ ಅತ್ತಾಣಿಯಲ್ಲಿ ‘ಕಾಂಕೋ’ ಕಾರ್ಖಾನೆ ಜಪಾನಿನ ಕುಬೋಟದವರ ಸಹಯೋಗದಿಂದ ಪವರ್ ಟಿಲ್ಲರುಗಳನ್ನು ಮಾಡತೊಡಗಿತು. ನಮ್ಮ ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪೆನಿ ಮಿತ್ಸುಬಿಷಿಯವರ ಮಾದರಿಯನ್ನು ಹಿಡಿಯಿತು. ಹೀಗೆ ಜಪಾನಿನ ಎರಡು ಮನೆತನಗಳು ದಕ್ಷಿಣದ ಎರಡು ಊರುಗಳಲ್ಲಿ ನೆಂಟಸ್ತಿಕೆ ಬೆಳೆಸಿದವು. ಮಂಗಳೂರು, ಉಡುಪಿ, ಕಾಸರಗೋಡುಗಳ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಟ್ರಾಕ್ಟರಿಗಿಂತ ಟಿಲ್ಲರೇ ಇರುವುದು ಹೆಚ್ಚು. ಅದನ್ನು ಗುರುತಿಸುವುದೂ ಇದೇ ಕ್ರಮದಿಂದ. ಎಂಜಿನಿನ ಸಂಖ್ಯೆ ಬೇರೆ, ಹಿಂದಿನ ಗೇರುಪೆಟ್ಟಿಗೆಯ ಸಂಖ್ಯೆ ಬೇರೆ. ನಡುವೆ ಬೆಲ್ಟು ಮಾತ್ರ. ಬೆಲ್ಟು ಕಳಚಿ ಒಂದರ ಎಂಜಿನನ್ನು ಇನ್ನೊಂದಕ್ಕೆ ಕೂರಿಸುವುದು ಕಷ್ಟವಲ್ಲವಾದುದರಿಂದ ಎರಡನ್ನೂ ಬೇರೆಬೇರೆಯಾಗಿ ಓದಬೇಕು.

ಈಗ ಬೆಲೆ. ಒಂದೇ ಯಂತ್ರಕ್ಕೆ ನಾಲ್ಕು ಬೆಲೆಗಳಿವೆ ಎಂಬುದನ್ನು ನಾವು ತಡವಾಗಿ ಕಲಿತೆವು. ಮೊದಲನೆಯದು ತೂಕದ ಬೆಲೆ. ಇದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅದರಲ್ಲಿಯೂ ಹಳೆಯ ರೇಡಿಯೇಟರಿನ ತಾಮ್ರ ಹಿತ್ತಾಳೆಗೂ ಡೈನಮೋ ಸ್ಟಾರ್ಟರುಗಳ ತಾಮ್ರದ ಸುರುಳಿಗೂ ಕಬ್ಬಿಣದ ದರ ಕಟ್ಟಲು ಒಪ್ಪಬಾರದು. ಎರಡನೆಯದು ಬಿಡಿಭಾಗಗಳ ಬೆಲೆ. ಒಂದೊಂದನ್ನೂ ಬೇಕಾದವನಿಗೆ ಮಾರಿದರೆ ಬರುವ ಮೊತ್ತ. ಇದಕ್ಕೆ ತಾಳ್ಮೆ ಬೇಕು. ಮೂರನೆಯದು ದುಡಿಮೆಯ ಬೆಲೆ. ಯಂತ್ರ ಇನ್ನೂ ಉಳಬಲ್ಲುದಾದರೆ ರೈತನೊಬ್ಬ ಕೊಡುವ ಹಣ. ನಾಲ್ಕನೆಯದು ಹಳಮೆಯ ಬೆಲೆ. ಸಂಗ್ರಾಹಕರೂ ವಸ್ತುಸಂಗ್ರಹಾಲಯಗಳೂ ಕೊಡುವುದು. ಇದು ಎಲ್ಲ ಹಳೆಯ ಯಂತ್ರಕ್ಕೂ ಸಲ್ಲುವುದಿಲ್ಲ. ತೀರ ಹೆಚ್ಚಾಗಿ ಮಾರಾಟವಾದ ಮಾದರಿಗೆ ವಯಸ್ಸಾದ ಮಾತ್ರಕ್ಕೆ ಬೆಲೆ ಏರದು. ಅಪರೂಪದ ಮಾದರಿ, ಹೊಂದುವ ಸಂಖ್ಯೆಗಳು, ಕಳೆಯದ ತಗಡು, ಕೊಂಡ ದಿನದ ರಸೀತಿ, ಕೈಪಿಡಿ ಇವೆಲ್ಲ ಕೂಡಿದಾಗ ಏರುತ್ತದೆ. ಹೊಸ ಬಣ್ಣ ಹೊಡೆಸಿ ಮಾರುವ ಆಸೆಯನ್ನೂ ಬಿಡಬೇಕು. ಮಾಸಿದ ಮೂಲಬಣ್ಣವನ್ನು ಬಲ್ಲವನು ಮೆಚ್ಚುತ್ತಾನೆ. ಹೊಸ ಬಣ್ಣದ ಕೆಳಗೆ ಯಾವ ಬಿರುಕನ್ನು ಮುಚ್ಚಿದ್ದಾರೋ ಎಂದು ಶಂಕಿಸುತ್ತಾನೆ.

ದುಡಿಮೆಯ ಬೆಲೆ ತಿಳಿಯಲು ಮೊದಲು ಸೈಲೆನ್ಸರಿನ ಬಾಯನ್ನು ನೋಡಿ. ಮನೆಯವರು ಅದಕ್ಕೊಂದು ಡಬ್ಬಿ ಕವುಚಿದ್ದರೆ ಮಳೆನೀರು ಒಳಗಿಳಿದಿರಲಾರದು. ಎಂಜಿನು ತಿರುಗುವ ಆಸೆಯುಂಟು. ಬಾಯಿ ತೆರೆದೇ ಇದ್ದರೆ ಪಿಸ್ಟನ್ನು ಕಚ್ಚಿಕೊಂಡಿರಬಹುದು. ಆಗ ಇನ್ನೊಂದು ವಾಹನಕ್ಕೆ ಕಟ್ಟಿ ಎಳೆದು ಹೊರಡಿಸುವ ಸಾಹಸ ಬೇಡ. ಎಣ್ಣೆ ಚಿಮ್ಮುವ ನಳಿಗೆಗಳ ಜಾಗದಿಂದ ಒಳಕ್ಕೆ ಒಂದಿಷ್ಟು ತೆಳುವಾದ ಎಣ್ಣೆ ಬಿಟ್ಟು ಕೆಲವು ದಿನ ಸುಮ್ಮನಿದ್ದು, ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಹೊರಟಿತೋ, ನೇಗಿಲನ್ನು ಎತ್ತಿ ಹಾಗೆಯೇ ಬಿಡಿ. ತೋಳು ತಾನಾಗಿ ಬೇಗನೆ ಕುಸಿದರೆ ಹೈಡ್ರಾಲಿಕ್ಕಿಗೆ ಖರ್ಚಿದೆ.

ಕಾಗದಪತ್ರಗಳ ವಿಷಯ ಒಣ ವಿಷಯವಾದರೂ ದೂರದಲ್ಲಿರುವ ನಮಗೆ ಅದೇ ಮುಖ್ಯ. ಆರ್.ಸಿ. ಪುಸ್ತಕದ ಸಂಖ್ಯೆಗಳೂ ಕಬ್ಬಿಣದ ಮೇಲಿನ ಸಂಖ್ಯೆಗಳೂ ಒಂದೇ ಆಗಿರಬೇಕು. ತಂದೆ ತಾತಂದಿರು ಬ್ಯಾಂಕಿನ ಸಾಲದಲ್ಲಿ ಕೊಂಡಿದ್ದರೆ ಪುಸ್ತಕದಲ್ಲಿ ಅಡಮಾನದ ಷರಾ ಇರುತ್ತದೆ. ಸಾಲ ತೀರಿ ದಶಕಗಳಾದರೂ ಷರಾ ತೆಗೆಸದೆ ಉಳಿದಿರಬಹುದು. ಗುಜರಿಗೆ ಕೊಟ್ಟರೂ ಆರ್.ಟಿ.ಓ. ಕಚೇರಿಗೆ ತಿಳಿಸಿ ನೋಂದಣಿಯನ್ನು ರದ್ದುಮಾಡಿಸಬೇಕೆಂಬುದು ಕಾನೂನು. ಹಾಗೆ ಮಾಡದಿದ್ದರೆ ನಿಮ್ಮ ತಂದೆಯ ಹೆಸರಿನ ಸಂಖ್ಯೆ ಇನ್ನಾವುದೋ ಯಂತ್ರದ ಮೇಲೆ ಓಡಾಡಿ, ಅಪಘಾತವೊಂದರ ನೋಟೀಸು ಮನೆಗೆ ಬಂದೀತು. ಮುಂಭಾಗದ ಸಂಖ್ಯೆ ‘ಎಂ.ವೈ.’ ಎಂಬ ಅಕ್ಷರಗಳಿಂದ ತೊಡಗಿದ್ದರೆ ಅದನ್ನು ಜೋಪಾನವಾಗಿಡಿ. ಅದು ಮೈಸೂರು ರಾಜ್ಯದ ಗುರುತು. 1973ರ ನವೆಂಬರು 1ರಂದು ನಮ್ಮ ರಾಜ್ಯ ಕರ್ನಾಟಕವೆಂಬ ಹೆಸರು ತಳೆಯುವುದಕ್ಕೆ ಹಿಂದಿನ ಕಾಲದ ನೆನಪು ಆ ತಗಡಿನಲ್ಲಿದೆ.

ಒಂದು ಬಿಡಿಭಾಗ ಎಷ್ಟು ದೊಡ್ಡ ಕಥೆಯನ್ನು ಹೊರಬಲ್ಲುದೆಂದು ನೋಡಬೇಕಾದವರು ಮುನ್ನಾರಿಗೆ ಹೋದಾಗ ಅಲ್ಲಿನ ಚಹಾ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1924ರ ಮಹಾಪ್ರವಾಹದಲ್ಲಿ ಕೊಚ್ಚಿಹೋದ ಕುಂಡಲ ಕಣಿವೆಯ ಪುಟ್ಟ ರೈಲಿನ ಒಂದು ಚಕ್ರವನ್ನು ಅಲ್ಲಿ ಇಟ್ಟಿದ್ದಾರೆ. ರೈಲು ಹೋಯಿತು, ಹಳಿ ಹೋಯಿತು; ಒಂದು ಚಕ್ರ ಉಳಿದು ಎಲ್ಲವನ್ನೂ ಹೇಳುತ್ತಿದೆ. ಅದನ್ನು ತೂಕಕ್ಕೆ ಹಾಕಿದ್ದರೆ ಎಷ್ಟು ಬರುತ್ತಿತ್ತು?

ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ಇಂಥ ವಸ್ತುವೊಂದು ಪುರಾತನವೆನ್ನಿಸಿಕೊಳ್ಳಲು ನೂರು ವರ್ಷ ಬೇಕು. ಕೊಟ್ಟಿಗೆಯಲ್ಲಿರುವ 1971ರ ಯಂತ್ರಕ್ಕೆ ಕಾನೂನಿನ ರಕ್ಷಣೆ ದೊರೆಯುವುದು 2071ಕ್ಕೆ. ಅಲ್ಲಿಯವರೆಗೆ ಅದನ್ನು ಕಾಯಬೇಕಾದವರು ಮನೆಯವರೇ. ಎಲ್ಲರೂ ಟ್ರಾಕ್ಟರನ್ನು ಉಳಿಸಿಕೊಳ್ಳಲಿ ಎಂದು ನಾವು ಹೇಳುವುದಿಲ್ಲ, ಜಾಗವಿಲ್ಲದವರು ಮಾರಲೇಬೇಕು. ಓದದೆ ಮಾರಬಾರದು, ಅಷ್ಟೆ. ಮುಂದಿನ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಕೊಟ್ಟಿಗೆಗೆ ಕರೆದೊಯ್ಯಿರಿ. ಸೀಮೆಎಣ್ಣೆಯ ಬಟ್ಟೆಯಿಂದ ಅವರೇ ಒರಸಿ ಸಂಖ್ಯೆಗಳನ್ನು ಓದಲಿ, ಹಾಳೆಯಲ್ಲಿ ಪಡಿಯಚ್ಚು ತೆಗೆಯಲಿ. ಅದನ್ನು ಓಡಿಸಿದ ಹಿರಿಯರು ಇದ್ದರೆ ಯಾವ ವರ್ಷ ತಂದರು, ಮೊದಲು ಯಾವ ಹೊಲಕ್ಕೆ ಇಳಿಸಿದರು ಎಂಬುದನ್ನು ಕೇಳಿ ಬರೆದುಕೊಳ್ಳಲಿ. ಆಮೇಲೆ ಮಾರಿದರೂ ಹೆಸರಿನ ತಗಡೊಂದನ್ನು ಕೇಳಿ ಇಟ್ಟುಕೊಂಡು ಬನ್ನಿ. ನಮ್ಮ ಮನೆಯಲ್ಲಿ ಆ ತಗಡು ಇರಬೇಕಾಗಿದ್ದ ಗೋಡೆ ಇಂದಿಗೂ ಬರಿದಾಗಿಯೇ ಇದೆ. ನಿಮ್ಮ ಮನೆಯ ಗೋಡೆ ಹಾಗಾಗದಿರಲಿ.